ಹಳೆಯ ಭಜನಿ ವಹಿಗಳನ್ನು ಸ್ಕ್ಯಾನ್ ಮಾಡಿದ್ದೇವೆ, ಯಾವ ಲೈಸೆನ್ಸ್ ಹಾಕಬೇಕು?

ನೀವು ಶಹಾಪುರದ ಕಡೆಯ ಒಂದು ಹಳ್ಳಿಯ ಭಜನಾ ಮಂಡಳಿಯವರು. ತತ್ವಪದ ಬರೆದಿಟ್ಟ ಹಳೆಯ ವಹಿಗಳು, ಒಂದು ಕಟ್ಟು ತಾಡೋಲೆ, ಹಾಡಿಕೆಯ ಒಂದಷ್ಟು ರೆಕಾರ್ಡಿಂಗ್ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿಕೊಂಡಿದ್ದೀರಿ. ಇಂಟರ್ನೆಟ್ಟಿಗೆ ಹಾಕುವಾಗ ಯಾವ ಲೈಸೆನ್ಸ್, ಅವುಗಳ ವಿವರ ಬರೆದ ಪಟ್ಟಿಗೂ ಲೈಸೆನ್ಸ್ ಬೇಕೇ, ಯಾರಾದರೂ ಎತ್ತಿಕೊಂಡು ದುಡ್ಡು ಮಾಡಿಕೊಂಡರೆ ಏನು ಗತಿ ಅಂತ ಕೇಳಿದ್ದೀರಿ. ಹಿರಿಯರು 'ಎಲ್ಲ ಹಕ್ಕು ಕಾದಿರಿಸಿದೆ' ಅಂತ ಬರೆದು ಮೇಲೆ ವಾಟರ್‌ಮಾರ್ಕ್ ಹೊಡೆಯೋಣ ಅನ್ನುತ್ತಿದ್ದಾರೆ ಎಂದೂ ಹೇಳಿದ್ದೀರಿ.

ದಯವಿಟ್ಟು ವಾಟರ್‌ಮಾರ್ಕ್ ಹೊಡೆಯಬೇಡಿ. ಯಾಕೆ ಅಂತ ನಮ್ಮ ಮನೆಯ ಕಥೆಯಿಂದಲೇ ಹೇಳುತ್ತೇನೆ.

ನಮ್ಮದು ಕಲಬುರಗಿ ಜಿಲ್ಲೆ, ಜೇವರ್ಗಿ ಕಡೆ. ತತ್ವಪದ ಕಟ್ಟಿದ ಕಡಕೋಳ ಮಡಿವಾಳಪ್ಪನವರ ಪದಗಳಿಲ್ಲದೆ ನಮ್ಮೂರಲ್ಲಿ ಅಮಾವಾಸ್ಯೆ ಭಜನೆ ನಡೆಯುವುದಿಲ್ಲ. ನಮ್ಮ ಮುತ್ಯಾನ ಹತ್ತಿರ ಒಂದು ವಹಿ ಇತ್ತು. ಕೆಂಪು ಅರಿವೆಯಲ್ಲಿ ಸುತ್ತಿ, ನಡುವೆ ಬೇವಿನೆಲೆ ಇಟ್ಟು ಜಂತಿಗೆ ಕಟ್ಟುತ್ತಿದ್ದ. ರಟ್ಟಿನ ಮೇಲೆ ನಿಜಾಮರ ಕಾಲದ ಉರ್ದು ಅಚ್ಚು, ಒಳಗಿನ ಮೊದಲ ಸಾಲು 'ಶ್ರೀ ಗುರು ಬಸವಲಿಂಗಾಯ ನಮಃ', ಅಂಚಿಗೆಲ್ಲ ದೀಪದ ಎಣ್ಣೆ ಕಲೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಬಂದು ಎರಡು ದಿನ ಕೂತು ಪುಟಪುಟವೂ ಫೋಟೊ ಹಿಡಿದರು. ಒಂದು ಪ್ರತಿ ಕಳಿಸುತ್ತೇವೆ ಅಂದಿದ್ದರು, ಕಳಿಸಲಿಲ್ಲ. ಆಮೇಲೆ ಅವರ ವೆಬ್‌ಸೈಟಿನಲ್ಲಿ ನೋಡಿದರೆ ಬೆರಳಗಲದ ಚಿತ್ರ, ಅಕ್ಷರಗಳ ಮೇಲೆ ಅಡ್ಡಲಾಗಿ ಅವರ ಹೆಸರು, ಕೆಳಗೆ 'ಪೂರ್ವಾನುಮತಿ ಇಲ್ಲದೆ ಬಳಸುವಂತಿಲ್ಲ'. ವಿವರ ಅಂತ ಇದ್ದದ್ದು ಮೂರೇ ಪದ: ಭಜನೆ ಪುಸ್ತಕ, ಕಾಗದ, ಕನ್ನಡ. ಯಾವ ಊರು, ಯಾರು ಬರೆದದ್ದು, ಒಳಗೆ ಯಾವ ಪದಗಳಿವೆ, ಒಂದೂ ಇಲ್ಲ. ಮುತ್ಯಾನಿಗೆ ಓದಿ ಹೇಳಿದೆ. 'ನಮ್ಮ ಪದ ನಾವು ಹಾಡ್ಬೇಕಾದ್ರ ಅವರಿಗಿ ಕೇಳ್ಬೇಕೇನೋ ತಮ್ಮಾ?' ಅಂದ. ಎರಡು ಮಳೆಗಾಲ ಕಳೆದ ಮೇಲೆ ಮಾಳಿಗೆ ಸೋರಿ ವಹಿಯ ಕೊನೆಯ 14 ಹಾಳೆ ಮುದ್ದೆಯಾದವು. ಸಂಸ್ಥೆಗೆ ಪತ್ರ ಬರೆದೆವು, ಉತ್ತರ ಬರಲಿಲ್ಲ. ಈಗ ಆ ವೆಬ್‌ಸೈಟೂ ತೆರೆಯುವುದಿಲ್ಲ. ಅವರು ಚಿತ್ರಗಳನ್ನು ಬಿಟ್ಟುಕೊಟ್ಟಿದ್ದರೆ ಹತ್ತು ಜನರ ಹತ್ತಿರ ಹತ್ತು ಪ್ರತಿ ಇರುತ್ತಿತ್ತು.

ಈಗ ಕಾನೂನಿನ ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ, ಲೆಕ್ಕ ಶುರುವಾಗುವುದು ಮರುವರ್ಷದ ಜನವರಿಯಿಂದ. ಇದನ್ನು ನಾನು ಸಂವತ್ಸರದ ಒಂದು ಸುತ್ತು ಅಂತ ನೆನಪಿಟ್ಟುಕೊಂಡಿದ್ದೇನೆ. ವಚನಗಳ ಓಲೆಗರಿ ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ, ಆಗ ಕ್ರೋಧಿ ಸಂವತ್ಸರ. 2024ರ ಯುಗಾದಿಗೆ ಮತ್ತೆ ಕ್ರೋಧಿ ಬಂತು, ಅದು ಮುಗಿಯುವುದರೊಳಗೆ, 2025ರ ಜನವರಿ 1ಕ್ಕೆ, ಅವರ ಬರಹ ಎಲ್ಲರ ಸ್ವತ್ತಾಯಿತು. ನಿಮ್ಮಲ್ಲಿ ಅವರು ಅಚ್ಚು ಹಾಕಿಸಿದ ಪ್ರತಿಗಳಿದ್ದರೆ ಧೈರ್ಯವಾಗಿ ಹಾಕಿ. ಬರೆದವರು ಬದುಕಿದ್ದಾಗ ಪ್ರಕಟವಾಗದ ಕೃತಿಗೆ ಮಾತ್ರ ಲೆಕ್ಕ ಬೇರೆ, ಅಲ್ಲಿ ಮೊದಲು ಪ್ರಕಟವಾದ ವರ್ಷದಿಂದ 60. ಹಾಗಾಗಿ ನಿಮ್ಮೂರಿನ ಕವಿಗಳು ಯಾರಾದರೂ ಈಚೆಗೆ ತೀರಿಕೊಂಡಿದ್ದರೆ ಅವರ ಮಕ್ಕಳನ್ನು ಕೇಳಿ ಒಪ್ಪಿಗೆ ಬರೆಸಿಕೊಳ್ಳಿ. ಮಡಿವಾಳಪ್ಪನವರ ಕಾಲದ ಪದಗಳು ಬಾಯಲ್ಲೂ ಅಚ್ಚಿನಲ್ಲೂ ಎಷ್ಟೋ ಕಾಲದಿಂದ ಓಡಾಡುತ್ತಿವೆ, ಅವು ನಿಮ್ಮವೂ ಅಲ್ಲ, ನಮ್ಮವೂ ಅಲ್ಲ.

'ಸ್ಕ್ಯಾನ್ ಮಾಡಿದ್ದು ನಾವು, ದುಡಿದದ್ದು ನಾವು' ಅಂತ ಹಿರಿಯರು ಹೇಳುವುದು ನ್ಯಾಯವೇ. ಆದರೆ ಬರಿ ದುಡಿಮೆಯಿಂದ ಕೃತಿಸ್ವಾಮ್ಯ ಹುಟ್ಟುವುದಿಲ್ಲ, ಸ್ವಲ್ಪವಾದರೂ ಸ್ವಂತ ಸೃಜನಶೀಲತೆ ಇರಬೇಕು ಅಂತ ಸುಪ್ರೀಂ ಕೋರ್ಟ್ ಡಿ.ಬಿ. ಮೋದಕ್ ಪ್ರಕರಣದಲ್ಲಿ ಹೇಳಿದೆ. ಹಾಳೆ ಇದ್ದ ಹಾಗೇ ಸ್ಕ್ಯಾನ್ ಮಾಡಿದ್ದಕ್ಕೆ ಹೊಸ ಹಕ್ಕು ಹೂಡಲು ಹೋದರೆ ಅದು ನಿಲ್ಲುವುದು ಕಷ್ಟ ಎಂಬುದು ನನ್ನ ತಿಳಿವಳಿಕೆ. ಆದ್ದರಿಂದ ಹಳೆಯ ಬರಹದ ಚಿತ್ರಗಳಿಗೆ ಪಬ್ಲಿಕ್ ಡೊಮೈನ್, ಅಂದರೆ ಎಲ್ಲರ ಸ್ವತ್ತು, ಎಂಬ ಗುರುತು ಹಾಕಿ. ಮಂಡಳಿಯ ಹೆಸರನ್ನು ವಿವರದಲ್ಲಿ ಬರೆಯಿರಿ, ಅಕ್ಷರದ ಮೇಲೆ ಬೇಡ.

ದುಡ್ಡಿನ ಪ್ರಶ್ನೆ. 'ವಾಣಿಜ್ಯ ಬಳಕೆ ಇಲ್ಲ' ಎಂಬ ಷರತ್ತು ಕೇಳಲು ಚೆನ್ನಾಗಿದೆ, ನಾನೂ ಮೊದಲು ಅದನ್ನೇ ಹಾಕಬೇಕು ಅಂದುಕೊಂಡಿದ್ದೆ. ಆಮೇಲೆ ಶರಣಬಸವೇಶ್ವರ ಜಾತ್ರೆಯಲ್ಲಿ ತಾಡಪತ್ರಿ ಹಾಸಿ 20 ರೂಪಾಯಿಗೆ ಪದದ ಪುಸ್ತಕ ಮಾರುವವನು ಕಣ್ಣ ಮುಂದೆ ಬಂದ. ಆ ಷರತ್ತು ಮೊದಲು ಹಿಡಿಯುವುದು ಅವನನ್ನೇ. ನಮ್ಮ ಪದಗಳು ಊರೂರಿಗೆ ಹೋದದ್ದು ಅಂಥವರ ಗಂಟಿನಲ್ಲೇ. ವಿಕಿಪೀಡಿಯ, ಅದರ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್ ಕೂಡ ಆ ಷರತ್ತಿರುವ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ. ದೊಡ್ಡ ಪ್ರಕಾಶಕರು ಯಾರಾದರೂ ಅಚ್ಚು ಹಾಕಿದರೂ ನಿಮ್ಮ ಪ್ರತಿ ಪುಕ್ಕಟೆ ಸಿಗುತ್ತಲೇ ಇರುತ್ತದೆ, ಅದನ್ನು ಅವರು ನಿಲ್ಲಿಸಲಾರರು. ನೀವು ಹೊಸದಾಗಿ ಬರೆದ ಪ್ರಸ್ತಾವನೆ, ಕಠಿಣ ಪದಗಳ ಅರ್ಥ, ಟಿಪ್ಪಣಿಗಳಿಗೆ ಮಾತ್ರ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಎಂಬ ಮುಕ್ತ ಲೈಸೆನ್ಸುಗಳಲ್ಲಿ ಒಂದಾದ ಸಿಸಿ ಬೈ-ಎಸ್‌ಎ ಹಾಕಿ. ಹೆಸರು ಹೇಳಬೇಕು, ಬಳಸಿ ಬೆಳೆಸಿದ್ದನ್ನು ಇದೇ ಷರತ್ತಿನಲ್ಲಿ ಹಂಚಬೇಕು ಅಂತ ಅದರ ಅರ್ಥ. ಮೈಸೂರು ವಿಶ್ವವಿದ್ಯಾಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಬಿಟ್ಟುಕೊಟ್ಟದ್ದೂ ಇದೇ ಲೈಸೆನ್ಸಿನಲ್ಲಿ.

ಪಟ್ಟಿಯ ವಿಷಯಕ್ಕೆ ಬರೋಣ, ನನಗೆ ಎಲ್ಲಕ್ಕಿಂತ ಮುಖ್ಯ ಅದೇ. ಮೆಟಾಡೇಟಾಕ್ಕೆ, ಅಂದರೆ ಪಟ್ಟಿಯಲ್ಲಿ ಬರೆಯುವ ವಿವರಗಳಿಗೆ, ಯಾವ ಷರತ್ತೂ ಬೇಡ, ಎಲ್ಲ ಹಕ್ಕನ್ನೂ ಬಿಟ್ಟುಕೊಡುವ ಸಿಸಿ ಝೀರೊ ಹಾಕಿ. ಊರು, ಅಳತೆ, ಪುಟಸಂಖ್ಯೆ ಇವೆಲ್ಲ ಬರಿ ಸಂಗತಿಗಳು, ಅವುಗಳ ಮೇಲೆ ಹಕ್ಕು ಇರುವುದೇ ಇಲ್ಲ. ಆದರೂ ಬಳಸುವವರಿಗೆ ಅನುಮಾನ ಉಳಿಯಬಾರದು. ಯುರೋಪಿನ ಗ್ರಂಥಾಲಯ, ಮ್ಯೂಸಿಯಂಗಳ ಸಂಗ್ರಹವನ್ನು ಒಟ್ಟಿಗೆ ತೋರಿಸುವ ವೆಬ್‌ಸೈಟ್ ಯುರೋಪಿಯಾನಾ 2012ರಲ್ಲಿ 2 ಕೋಟಿಗೂ ಹೆಚ್ಚು ವಸ್ತುಗಳ ವಿವರವನ್ನು ಹೀಗೆಯೇ ಬಿಟ್ಟಿತು. ವಿಕಿಪೀಡಿಯದ ಬಳಗದ ಮಾಹಿತಿ ಕೋಶವಾದ ವಿಕಿಡೇಟಾ ನಡೆಯುವುದೇ ಸಿಸಿ ಝೀರೊ ಮೇಲೆ. ನಿಮ್ಮ ಪಟ್ಟಿ ಅಲ್ಲಿ ಸೇರಿದರೆ ಸುರಪುರ, ಶೋರಾಪುರ ಎರಡೂ ಒಂದೇ ಊರು ಅಂತ ಯಂತ್ರಕ್ಕೂ ತಿಳಿಯುತ್ತದೆ. ಯಾದಗಿರಿ ಜಿಲ್ಲೆ ಬೇರೆಯಾದ 2009ಕ್ಕೆ ಮುಂಚಿನ ಕಾಗದದಲ್ಲಿ ನಿಮ್ಮೂರಿಗೆ ಗುಲ್ಬರ್ಗಾ ಜಿಲ್ಲೆ ಅಂತಲೇ ಇರುತ್ತದೆ, 2014ರಿಂದ ಆ ಗುಲ್ಬರ್ಗಾವೇ ಕಲಬುರಗಿ. ಹಳೆಯ ಹೆಸರನ್ನೂ ಈಗಿನ ಹೆಸರನ್ನೂ ಎರಡು ಕಾಲಂನಲ್ಲಿ ಬರೆಯಿರಿ.

ತೇದಿ ಬರೆಯುವಾಗ ಎಚ್ಚರ. ನಮ್ಮ ವಹಿಯಲ್ಲಿ 'ಯುವ ನಾಮ ಸಂವತ್ಸರ ಶ್ರಾವಣ ಶುದ್ಧ' ಅಂತಷ್ಟೇ ಇತ್ತು, ಶಕ ಇಲ್ಲ. ಯುವ ಅಂದರೆ 1875 ಆಗಬಹುದು, 1935 ಆಗಬಹುದು. ರಟ್ಟು, ಮಸಿ ನೋಡಿ ನಾವು 1935 ಅಂದುಕೊಂಡೆವು. ಅದು ನಮ್ಮ ಊಹೆ. ಆದ್ದರಿಂದ ಬರೆದವರು ಬರೆದದ್ದನ್ನು ಅಕ್ಷರ ತಪ್ಪದೆ ಒಂದು ಕಡೆ ಇಡಿ, ನಿಮ್ಮ ಊಹೆಯನ್ನು ಇನ್ನೊಂದು ಕಡೆ. ಪ್ರತಿ ಪದದ ಪಲ್ಲವಿ ಮತ್ತು ಅಂಕಿತವನ್ನು ಬೇರೆಬೇರೆ ಸಾಲಿನಲ್ಲಿ ಹಾಕಿ. ಟೈಪಿಂಗ್ ಯೂನಿಕೋಡಿನಲ್ಲೇ ಆಗಲಿ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದರೆ ಯಾರು ಹುಡುಕಿದರೂ ಸಿಗುವುದಿಲ್ಲ.

ರೆಕಾರ್ಡಿಂಗ್‌ಗಳನ್ನು ಸದ್ಯಕ್ಕೆ ತಡೆಯಿರಿ. ಪದ ಹಳೆಯದಾದರೂ ದನಿ ಇವತ್ತಿನದು. ಹಾಡಿದವರಿಗೆ ಕಾಯ್ದೆಯಲ್ಲಿ 50 ವರ್ಷದ ಹಕ್ಕಿದೆ, ಅದಕ್ಕಿಂತ ಮಿಗಿಲಾಗಿ ಅವರು ನಿಮ್ಮ ಪಕ್ಕದಲ್ಲೇ ಕೂತು ಏಕತಾರಿ ಹಿಡಿಯುವವರು. ಮನೆಗೆ ಹೋಗಿ, ಚಾ ಕುಡಿಯುತ್ತ, ಇದನ್ನು ಯಾರು ಬೇಕಾದರೂ ಕೇಳಬಹುದು, ಬಳಸಬಹುದು, ಒಮ್ಮೆ ಕೊಟ್ಟ ಲೈಸೆನ್ಸ್ ಹಿಂದಕ್ಕೆ ಬರುವುದಿಲ್ಲ ಅಂತ ಬಿಡಿಸಿ ಹೇಳಿ. ಬೇಡ ಅಂದರೆ ಬಿಡಿ. ಗುರುವಿನ ಅಪ್ಪಣೆ ಇಲ್ಲದೆ ಹಾಡಬಾರದು ಎಂಬ ಪದಗಳೇನಾದರೂ ಇದ್ದರೆ ಅವುಗಳ ಚಿತ್ರವನ್ನೂ ಹಾಕಬೇಡಿ.

ಇಷ್ಟಕ್ಕೂ ಹಿರಿಯರು ಒಪ್ಪದಿದ್ದರೆ ಚಿತ್ರಗಳು ಆಮೇಲೆ ಬರಲಿ, ಪಲ್ಲವಿಗಳ ಪಟ್ಟಿಯನ್ನಾದರೂ ಈ ತಿಂಗಳೇ ಹಾಕಿಬಿಡಿ. ನಮ್ಮ ಆಯಿಗೆ ಆ 14 ಹಾಳೆಯಲ್ಲಿದ್ದ ನಾಲ್ಕು ಪದಗಳ ಪಲ್ಲವಿ ಮಾತ್ರ ಬಾಯಲ್ಲಿವೆ, ಮುಂದಿನ ನುಡಿ ಬರುವುದಿಲ್ಲ. ಜೇವರ್ಗಿಯಿಂದ ಶಹಾಪುರ ದೂರವಲ್ಲ, ಅದೇ ಪದಗಳನ್ನು ನಿಮ್ಮ ಕಡೆಯವರೂ ಬರೆದಿಟ್ಟಿರಬಹುದು. ಪಟ್ಟಿ ಹಾಕಿದ ದಿನ ಇಲ್ಲೇ ಕೆಳಗೆ ಲಿಂಕ್ ಕೊಡಿ, ಆಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಓದಿ ಹೇಳುತ್ತೇನೆ.