ಸೋಲರಿಯದ ದಾಖಲೆಯ ಹಿಂದಿನ ಲೆಕ್ಕ

ಪ್ರಶ್ನೆ: ಮಾನ್ಯರೇ, ಮೂವತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ ಒಮ್ಮೆಯೂ ಸೋಲದ ಬಾಕ್ಸರ್ ಒಬ್ಬ, ಹೆಸರಾಂತ ಎದುರಾಳಿಯ ಮುಂದೆ ನಿಂತ ಒಂದೇ ನಿಮಿಷದಲ್ಲಿ ಕುಸಿದು ಬೀಳುವುದು ಹೇಗೆ ಸಾಧ್ಯ? ಅವನ ಹಿಂದಿನ ಗೆಲುವುಗಳೆಲ್ಲ ಮೊದಲೇ ಮಾತಾಡಿಕೊಂಡು ಪಡೆದವೇ?

ಉತ್ತರ: ಮಾತಾಡಿಕೊಂಡು ಸೋತ ಪಂದ್ಯಗಳು ಬಾಕ್ಸಿಂಗ್ ಚರಿತ್ರೆಯಲ್ಲಿ ಇಲ್ಲದೇ ಇಲ್ಲ. ಆದರೆ ನೀವು ಹೇಳುವಂಥ ದಾಖಲೆಯನ್ನು ಕಟ್ಟಲು ಅಷ್ಟು ದೂರ ಹೋಗುವ ಅಗತ್ಯ ಬೀಳುವುದಿಲ್ಲ. ಎದುರಾಳಿಯನ್ನು ಆರಿಸುವ ಅಧಿಕಾರ ಕೈಯಲ್ಲಿದ್ದರೆ ಸಾಕು. ಒಲಿಂಪಿಕ್ಸ್‌ನಂಥ ಕೂಟಗಳಲ್ಲಿ ಯಾರಿಗೆ ಯಾರು ಎದುರು ಎಂಬುದನ್ನು ಡ್ರಾ ನಿರ್ಧರಿಸುತ್ತದೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅದನ್ನು ನಿರ್ಧರಿಸುವವರು ಪಂದ್ಯ ಏರ್ಪಡಿಸುವ ಪ್ರಮೋಟರ್ ಮತ್ತು ಅವರ ಪರವಾಗಿ ಜೋಡಿ ಹೊಂದಿಸುವ ಮ್ಯಾಚ್‌ಮೇಕರ್. ವಯಸ್ಸು ದಾಟಿದವನು, ತೂಕದಲ್ಲಿ ಚಿಕ್ಕವನು, ಪೆಟ್ಟು ತಾಳದವನು, ಸಾಲಾಗಿ ಐದಾರು ಪಂದ್ಯ ಸೋತು ಬಂದವನು, ಪಂದ್ಯಕ್ಕೆ ಎರಡು ಮೂರು ದಿನವಿರುವಾಗ ಕರೆ ಬಂದು ತಯಾರಿಯಿಲ್ಲದೆ ಹೊರಟವನು, ಇಂಥವರನ್ನೇ ಒಬ್ಬೊಬ್ಬರಾಗಿ ತಂದು ನಿಲ್ಲಿಸಿದರೆ ಪ್ರತಿ ಗೆಲುವೂ ನಿಜವಾದದ್ದೇ ಆಗಿರುತ್ತದೆ, ಕಾನೂನಿಗೂ ವಿರುದ್ಧವಾಗಿರುವುದಿಲ್ಲ. ಆದರೂ ಒಟ್ಟು ದಾಖಲೆ ಪ್ರೇಕ್ಷಕನ ಕಣ್ಣಿಗೆ ಮಣ್ಣೆರಚುತ್ತದೆ.

ಹೊಸಬನಿಗೆ ಸುಲಭದ ಪಂದ್ಯ ಕೊಡುವುದೇ ತಪ್ಪೆಂದು ನಾನು ಹೇಳಲಾರೆ. ನಾಲ್ಕು ಸುತ್ತಿನಿಂದ ಆರಕ್ಕೆ, ಆರರಿಂದ ಎಂಟಕ್ಕೆ, ಎಂಟರಿಂದ ಹತ್ತಕ್ಕೆ ಏರುತ್ತ, ಎಡಗೈ ಆಟಗಾರನೊಬ್ಬ, ತಬ್ಬಿ ಹಿಡಿದು ಆಟ ಕೆಡಿಸುವವನೊಬ್ಬ, ಎಷ್ಟು ಹೊಡೆದರೂ ಬೀಳದವನೊಬ್ಬ, ಹೀಗೆ ಒಬ್ಬೊಬ್ಬ ಎದುರಾಳಿಯಿಂದ ಒಂದೊಂದು ಪಾಠ ಕಲಿಸುವುದು ಒಳ್ಳೆಯ ತರಬೇತುದಾರರು ಅನುಸರಿಸುವ ಕ್ರಮ. ಪಾಠ ನಿಂತುಹೋಗಿ ಗೆಲುವಿನ ಸಂಖ್ಯೆ ಮಾತ್ರ ಬೆಳೆಯತೊಡಗಿದಾಗ ಕೇಡು ಶುರುವಾಗುತ್ತದೆ. ಸೋಲಿನ ಕಾಲಂನಲ್ಲಿರುವ ಸೊನ್ನೆಗೆ ಟಿಕೆಟ್ ಮಾರಾಟದಲ್ಲೂ ಟೆಲಿವಿಷನ್ ಒಪ್ಪಂದದಲ್ಲೂ ದೊಡ್ಡ ಬೆಲೆಯಿರುವುದರಿಂದ, ಆ ಸೊನ್ನೆಯನ್ನು ಒಂದೇ ಒಂದು ದೊಡ್ಡ ಪಂದ್ಯದವರೆಗೆ ಜೋಪಾನ ಮಾಡುವುದೇ ಮ್ಯಾನೇಜರ್‌ನ ಕಸುಬಾಗಿಬಿಡುತ್ತದೆ.

ನಿಮ್ಮ ಪ್ರಶ್ನೆಗೆ ಹೊಂದುವ ಪ್ರಸಂಗ 1977ರ ಮೇ ತಿಂಗಳಿನದು. 38 ಪಂದ್ಯಗಳಲ್ಲಿ 38ನ್ನೂ ಗೆದ್ದಿದ್ದ ಡ್ವೇನ್ ಬಾಬಿಕ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೆನ್ ನಾರ್ಟನ್ ಎದುರು 58 ಸೆಕೆಂಡುಗಳಲ್ಲಿ ಸೋತರು. ಬಾಬಿಕ್ ಕೈಲಾಗದವರೇನಲ್ಲ, ಒಲಿಂಪಿಕ್ಸ್‌ನಲ್ಲಿ ಆಡಿದವರು. ಆದರೆ ಅಂದಿನ ನಾರ್ಟನ್ ದರ್ಜೆಯವರು ಆ ಮೂವತ್ತೆಂಟರಲ್ಲಿ ಒಬ್ಬರೂ ಇರಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಜೆರಿ ಕೂನಿಯವರ ಕಥೆ. ಅವರ ಎಡಗೈ ಹುಕ್, ಅಂದರೆ ಮೊಣಕೈ ಬಾಗಿಸಿ ಬದಿಯಿಂದ ಹೊಡೆಯುವ ಪೆಟ್ಟು, ನಿಜಕ್ಕೂ ಭಯಂಕರವಾದದ್ದು. ಜಿಮ್ಮಿ ಯಂಗ್, ರಾನ್ ಲೈಲ್, ಕೆನ್ ನಾರ್ಟನ್ ಎಂಬ ಮೂರು ದೊಡ್ಡ ಹೆಸರುಗಳು ಅವರ ಗೆಲುವಿನ ಪಟ್ಟಿಯಲ್ಲಿವೆಯಾದರೂ, ಅವರ ಕೈಗೆ ಸಿಗುವ ಹೊತ್ತಿಗೆ ಆ ಮೂವರದ್ದೂ ಉತ್ತಮ ದಿನಗಳು ಮುಗಿದಿದ್ದವು. 1981ರ ಮೇ ತಿಂಗಳಲ್ಲಿ ನಾರ್ಟನ್ ಅವರನ್ನು 54 ಸೆಕೆಂಡುಗಳಲ್ಲಿ ಮುಗಿಸಿದ ಮೇಲೆ, ಕಲಿಯಬೇಕಾದ ವಯಸ್ಸಿನ ಆ ಯುವಕ ಹದಿಮೂರು ತಿಂಗಳ ಕಾಲ ಒಂದೂ ಪಂದ್ಯವಾಡದೆ ಕಾದರು. 1982ರ ಜೂನ್ 11ರಂದು ಲಾಸ್ ವೇಗಸ್‌ನಲ್ಲಿ ಚಾಂಪಿಯನ್ ಲ್ಯಾರಿ ಹೋಮ್ಸ್ ಎದುರು ನಿಂತಾಗ ಇಬ್ಬರಿಗೂ ಸಮಸಮನಾಗಿ ಸುಮಾರು 1 ಕೋಟಿ ಡಾಲರ್ ಸಂಭಾವನೆಯಿತ್ತು. 25 ಪಂದ್ಯಗಳ ಅಜೇಯ ದಾಖಲೆಯ ಆ ಸವಾಲುಗಾರ ಹದಿಮೂರನೆಯ ಸುತ್ತಿನವರೆಗೆ ಎದೆಗೊಟ್ಟು ನಿಂತು ಸೋತರು. ಹಾಗೆ ನಿಲ್ಲಬಲ್ಲವನಿಗೆ ಅದಕ್ಕೂ ಮೊದಲು ಇನ್ನಾರೇಳು ಕಠಿಣ ಪಂದ್ಯಗಳನ್ನು ಕೊಟ್ಟಿದ್ದರೆ ಏನಾಗುತ್ತಿತ್ತೋ ಎಂಬ ಸಂಕಟ ನನಗೆ ಇಂದಿಗೂ ಇದೆ. ಅವರ ದಾಖಲೆಯನ್ನು ಕಾಪಾಡಿದವರು ಅವರೊಳಗಿನ ಬಾಕ್ಸರ್‌ನನ್ನು ಬೆಳೆಸಲಿಲ್ಲ.

ಇನ್ನು ಪೀಟರ್ ಮ್ಯಾಕ್‌ನೀಲಿ. ಅವರದು ಪೂರ್ಣ ಅಜೇಯ ದಾಖಲೆಯಲ್ಲ, 36 ಗೆಲುವು, 1 ಸೋಲು. ಅವರಿಗೆ ಸೋತವರಲ್ಲಿ ಎಷ್ಟೋ ಮಂದಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಸೆರೆಮನೆಯಿಂದ ಹೊರಬಂದ ಮೈಕ್ ಟೈಸನ್ ಅವರ ಮೊದಲ ಪಂದ್ಯಕ್ಕೆ, 1995ರ ಆಗಸ್ಟ್ 19ರಂದು, ಎದುರಾಳಿಯಾಗಿ ಮ್ಯಾಕ್‌ನೀಲಿಯವರನ್ನೇ ಆರಿಸಲಾಯಿತು. ಗಂಟೆ ಬಾರಿಸುತ್ತಲೇ ಮುನ್ನುಗ್ಗಿದ ಮ್ಯಾಕ್‌ನೀಲಿ ಕೆಲವೇ ಕ್ಷಣಗಳಲ್ಲಿ ನೆಲಕ್ಕುರುಳಿ, ಎದ್ದು, ಮತ್ತೆ ಉರುಳಿದರು. 89 ಸೆಕೆಂಡುಗಳಾಗುವಷ್ಟರಲ್ಲಿ ಮ್ಯಾನೇಜರ್ ವಿನ್ನಿ ವೆಕಿಯೋನೆ ತಾವೇ ರಿಂಗ್‌ನೊಳಗೆ ಬಂದುಬಿಟ್ಟರು. ಅದಕ್ಕಾಗಿ ರೆಫರಿ ಮ್ಯಾಕ್‌ನೀಲಿಯವರನ್ನು ಅನರ್ಹಗೊಳಿಸಿದರು. ದುಡ್ಡು ಕೊಟ್ಟು ಬಂದ ಜನ ಕೆರಳಿದರು. ನನ್ನ ಮಟ್ಟಿಗೆ ಆ ರಾತ್ರಿ ನಡೆದ ಅತ್ಯಂತ ಮಾನವೀಯ ಕೆಲಸ ವೆಕಿಯೋನೆ ಹಾಗೆ ಒಳಬಂದದ್ದೇ. ತನ್ನ ಹುಡುಗನನ್ನು ಎಂಥವನ ಮುಂದೆ ನಿಲ್ಲಿಸಿದ್ದೇನೆಂಬುದು ಆ ಮ್ಯಾನೇಜರ್‌ಗೆ ಗೊತ್ತಿತ್ತು.

ಪ್ರಶ್ನೆ: ಹೀಗೆ ಸೋಲಲೆಂದೇ ಕರೆಸಿಕೊಳ್ಳುವ ಬಾಕ್ಸರ್‌ಗಳು ಯಾರು? ಅವರಿಗೆ ಸ್ವಾಭಿಮಾನ ಇರುವುದಿಲ್ಲವೇ?

ಉತ್ತರ: ಅವರನ್ನು ಹಗುರವಾಗಿ ಕಾಣಬೇಡಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಈ ವೃತ್ತಿಯಲ್ಲಿ ಜರ್ನಿಮನ್ ಎಂದು ಕರೆಸಿಕೊಳ್ಳುವ, ಊರೂರಿಗೆ ಹೋಗಿ ಆತಿಥೇಯ ಹುಡುಗನ ಎದುರು ಆಡಿ ಬರುವ ಬಾಕ್ಸರ್‌ಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ ಹೆಸರಾದವರು. 2008ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು ಆಡಿದ್ದ ಪಂದ್ಯಗಳು 300. ಗೆದ್ದದ್ದು 32, ಸೋತದ್ದು 256. ಸೋಲುಗಳಲ್ಲಿ ಬಹುಪಾಲು ಅಂಕಗಳ ಮೇಲಿನವು, ಅಂದರೆ ಕೊನೆಯ ಸುತ್ತಿನವರೆಗೂ ನಿಂತು ತೀರ್ಪಿನಲ್ಲಿ ಸೋತವು. ಪೆಟ್ಟು ತಪ್ಪಿಸಿಕೊಳ್ಳುವುದರಲ್ಲಿ ಪಳಗದಿದ್ದರೆ ಮುನ್ನೂರು ಪಂದ್ಯ ಆಡಿ ಮುಗಿಸಲು ಯಾರಿಂದಲೂ ಆಗದು. ನಾಕ್‌ಔಟ್ ಆದವನಿಗೆ ವೈದ್ಯಕೀಯ ಕಾರಣಕ್ಕೆ ಕೆಲವು ವಾರಗಳ ನಿಷೇಧ ಬೀಳುವುದರಿಂದ, ಬೀಳದೆ ಸುತ್ತು ಮುಗಿಸುವುದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು.

ನಿಜವಾದ ಅನ್ಯಾಯ ಆಗುವುದು ಆ ವಿದ್ಯೆಯೂ ಇಲ್ಲದೆ, ತಲೆಗೆ ಬಿದ್ದ ಪೆಟ್ಟು ಮಾಯುವ ಮೊದಲೇ ಬೇರೆಡೆಗೆ ಕಳಿಸಲ್ಪಡುವವರಿಗೆ. ಅಮೆರಿಕದಲ್ಲಿ ಇದನ್ನು ತಡೆಯಲೆಂದೇ 1996ರ ಕಾಯ್ದೆ ಬಾಕ್ಸರ್‌ಗಳಿಗೆ ಗುರುತಿನ ಚೀಟಿಯನ್ನು ಕಡ್ಡಾಯಗೊಳಿಸಿತು. ಒಂದು ರಾಜ್ಯ ವಿಧಿಸಿದ ವೈದ್ಯಕೀಯ ನಿಷೇಧವನ್ನು ಉಳಿದ ರಾಜ್ಯಗಳೂ ಮನ್ನಿಸಬೇಕೆಂದಿತು.

ಪ್ರಶ್ನೆ: ದಾಖಲೆ ಗಟ್ಟಿಯೋ ಪೊಳ್ಳೋ ಎಂಬುದನ್ನು ನಮ್ಮಂಥ ಸಾಮಾನ್ಯ ನೋಡುಗರು ತಿಳಿಯುವುದು ಹೇಗೆ? ರ‍್ಯಾಂಕಿಂಗ್ ನೋಡಿದರೆ ಸಾಕೇ?

ಉತ್ತರ: ಸಾಲದು. 2000ದಲ್ಲಿ ತೀರಿಕೊಂಡಿದ್ದ ಡ್ಯಾರಿನ್ ಮಾರಿಸ್ ಎಂಬ ಬಾಕ್ಸರ್‌ನನ್ನು ಡಬ್ಲ್ಯುಬಿಒ (ವರ್ಲ್ಡ್ ಬಾಕ್ಸಿಂಗ್ ಆರ್ಗನೈಸೇಷನ್) ಸಂಸ್ಥೆ ಮರುವರ್ಷ ತನ್ನ ರ‍್ಯಾಂಕಿಂಗ್ ಪಟ್ಟಿಯಲ್ಲಿ ಮೇಲಿನ ಸ್ಥಾನಕ್ಕೆ ಏರಿಸಿತ್ತು. 1977ರಲ್ಲಿ ಎಬಿಸಿ ಟೆಲಿವಿಷನ್ ಪ್ರಸಾರ ಮಾಡುತ್ತಿದ್ದ ಅಮೆರಿಕದ ಒಂದು ಟೂರ್ನಿಯಲ್ಲಂತೂ, ಕೆಲವು ಬಾಕ್ಸರ್‌ಗಳ ಹೆಸರಿಗೆ ನಡೆದೇ ಇರದ ಪಂದ್ಯಗಳ ಗೆಲುವುಗಳನ್ನು ಸೇರಿಸಿದ್ದು ಬಯಲಾಗಿ, ಟೂರ್ನಿಯೇ ಅರ್ಧಕ್ಕೆ ನಿಂತಿತು.

ಆದ್ದರಿಂದ ಸೋತವರ ಪಟ್ಟಿಯನ್ನು ಓದಿ. ಪ್ರತಿ ಎದುರಾಳಿ ಆ ಪಂದ್ಯಕ್ಕೆ ಮುಂಚಿನ ಒಂದು ವರ್ಷದಲ್ಲಿ ಎಷ್ಟು ಗೆದ್ದಿದ್ದ, ಅವನ ಸಹಜ ತೂಕ ಎಷ್ಟು, ಪಂದ್ಯ ಯಾರ ಊರಿನಲ್ಲಿ ನಡೆಯಿತು, ನಮ್ಮ ಅಜೇಯ ವೀರ ಎಂದಾದರೂ ಹತ್ತು ಸುತ್ತು ಪೂರ್ತಿ ಆಡಿದ್ದಾನೆಯೇ, ನೆಲಕ್ಕೆ ಬಿದ್ದು ಎದ್ದು ಗೆದ್ದದ್ದುಂಟೇ ಎಂಬುದನ್ನು ಗಮನಿಸಿ. ಮೂವತ್ತನೆಯ ಪಂದ್ಯದ ಎದುರಾಳಿಯೂ ಐದನೆಯದರ ಎದುರಾಳಿಯೂ ಒಂದೇ ದರ್ಜೆಯವರಾಗಿದ್ದರೆ ಅನುಮಾನಿಸಿ. ಸೋಲುಗಳಿರುವವನನ್ನು ಅದೇ ಕಾರಣಕ್ಕೆ ತಳ್ಳಿಹಾಕಲೂ ಬೇಡಿ: 1990ರ ಫೆಬ್ರುವರಿಯಲ್ಲಿ ಟೋಕಿಯೊದಲ್ಲಿ, 37 ಪಂದ್ಯ ಸೋಲಿಲ್ಲದೆ ಗೆದ್ದಿದ್ದ ಟೈಸನ್ ಅವರನ್ನು ಹತ್ತನೆಯ ಸುತ್ತಿನಲ್ಲಿ ಕೆಡವಿದ ಬಸ್ಟರ್ ಡಗ್ಲಸ್ ಅದಕ್ಕೂ ಮೊದಲು ನಾಲ್ಕು ಸಲ ಸೋತಿದ್ದವರು. ಎಂಟನೆಯ ಸುತ್ತಿನ ಕೊನೆಯಲ್ಲಿ ನೆಲಕ್ಕೆ ಬಿದ್ದಿದ್ದ ಅವರು, ಎದ್ದು ಬಂದು ಆ ಪಂದ್ಯ ಗೆದ್ದರು.