ಓದುಗರ ಪ್ರಶ್ನೆ: ದಿಕ್ಸೂಚಿಯ ಮುಳ್ಳು ಯಾಕೆ ಕದಲಲಿಲ್ಲ?

ಪ್ರಶ್ನೆ: ತಂತಿಯಲ್ಲಿ ಕರೆಂಟ್ ಹರಿದರೆ ಪಕ್ಕದ ದಿಕ್ಸೂಚಿ ತಿರುಗುತ್ತದೆ ಅಂತ ಹತ್ತನೇ ತರಗತಿಯ ಪಾಠದಲ್ಲಿದೆ. ನಾವು ಲ್ಯಾಬ್‌ನಲ್ಲಿ ಮಾಡಿದಾಗ ಮುಳ್ಳು ಕದಲಲೇ ಇಲ್ಲ. ಸೆಲ್ ಹೊಸದು, ಟಾರ್ಚ್ ಬಲ್ಬ್ ಕೂಡ ಉರಿಯಿತು. ತಪ್ಪೆಲ್ಲಿ?
– ಒಬ್ಬ ವಿದ್ಯಾರ್ಥಿನಿ, ಹಾಸನ

ಉತ್ತರ: ಬಲ್ಬ್ ಉರಿಯಿತು ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಟಾರ್ಚ್ ಬಲ್ಬ್ ಎಳೆಯುವುದು ಸುಮಾರು 0.3 ಆಂಪಿಯರ್ ಅಷ್ಟೇ. ತಂತಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಅದರ ಕಾಂತಕ್ಷೇತ್ರ 6 ಮೈಕ್ರೋಟೆಸ್ಲಾ. ಆ ಕಡೆ ಮುಳ್ಳನ್ನು ಉತ್ತರಕ್ಕೆ ಹಿಡಿದಿಟ್ಟಿರುವ ಭೂಮಿಯ ಕ್ಷೇತ್ರ ನಮ್ಮಲ್ಲಿ 40ರ ಆಸುಪಾಸು! ಎಲ್ಲ ಸರಿಯಾಗಿದ್ದರೂ ಮುಳ್ಳು ತಿರುಗುವುದು ಎಂಟೊಂಬತ್ತು ಡಿಗ್ರಿ. ಸುಮ್ನೆ ನೋಡಿದರೆ ಗೊತ್ತೇ ಆಗುವುದಿಲ್ಲ.

ಇನ್ನರ್ಧ ತಂತಿಯ ದಿಕ್ಕಿನಲ್ಲಿದೆ. ನೀವು ತಂತಿಯನ್ನು ಮುಳ್ಳಿಗೆ ಅಡ್ಡವಾಗಿ, ಅಂದರೆ ಪೂರ್ವ–ಪಶ್ಚಿಮವಾಗಿ ಹಿಡಿದಿದ್ದಿರಬಹುದು. ಹಾಗೆ ಹಿಡಿದರೆ ತಂತಿಯ ಕೆಳಗೆ ಕಾಂತಕ್ಷೇತ್ರ ಉತ್ತರ–ದಕ್ಷಿಣವಾಗಿಯೇ ಬರುತ್ತದೆ, ಮುಳ್ಳು ಆಗಲೇ ಆ ಗೆರೆಯಲ್ಲೇ ನಿಂತಿರುವಾಗ ಅದು ಪಕ್ಕಕ್ಕೆ ಯಾಕೆ ತಿರುಗಬೇಕು, ಅಲ್ವಾ? ತಂತಿ ಮುಳ್ಳಿನ ಉದ್ದಕ್ಕೇ ಇರಬೇಕು. ಪಾಠದ ಚಿತ್ರದಲ್ಲಿ ಇದನ್ನು ಇನ್ನಷ್ಟು ಎದ್ದು ಕಾಣುವಂತೆ ಹೇಳಬೇಕು ಅನ್ನುವುದು ನನ್ನ ಹಳೇ ತಕರಾರು.

ಈಗ ಹೀಗೆ ಮಾಡಿ. ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ದಿಕ್ಸೂಚಿಯ ಮೇಲೆ–ಕೆಳಗೆ, ಉತ್ತರ–ದಕ್ಷಿಣವಾಗಿ ಹತ್ತು ಸುತ್ತು ಸುತ್ತಿ. ಮೇಲಿನ ತಂತಿ, ಕೆಳಗಿನ ತಂತಿ ಎರಡೂ ಮುಳ್ಳನ್ನು ಒಂದೇ ಕಡೆಗೆ ತಳ್ಳುತ್ತವೆ. ಅದೇ ಬಲ್ಬ್, ಅದೇ ಸೆಲ್ ಸಾಕು, ಮುಳ್ಳು ಐವತ್ತು ಡಿಗ್ರಿಗಿಂತ ಜಾಸ್ತಿ ತಿರುಗುತ್ತದೆ. ಸೆಲ್ ತಿರುಗಿಸಿ ಹಾಕಿದರೆ ಮುಳ್ಳು ಇನ್ನೊಂದು ಪಕ್ಕಕ್ಕೆ ಹೋಗಬೇಕು. ಹೋಗದಿದ್ದರೆ ಮೇಜಿನಲ್ಲಿ ಕಬ್ಬಿಣವಿದೆಯಾ ನೋಡಿ.

ಬೇಜಾರು ಮಾಡಿಕೊಳ್ಳಬೇಡಿ. 1820ರಲ್ಲಿ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ಪಾಠದ ನಡುವೆ ಇದನ್ನು ಮೊದಲು ಮಾಡಿದಾಗಲೂ ಮುಳ್ಳು ಅಲುಗಿದ್ದು ಅಷ್ಟಿಷ್ಟೇ, ಕೂತು ನೋಡಿದವರಿಗೆ ಅದೇನೂ ದೊಡ್ಡದು ಅನ್ನಿಸಿರಲಿಲ್ಲ. ಸುತ್ತು ಹಾಕುವ ಉಪಾಯ ಜರ್ಮನಿಯ ಶ್ವೈಗರ್ ಅವರದು, ಅದೂ ಅದೇ ವರ್ಷ. ಸಣ್ಣ ಕರೆಂಟನ್ನೂ ಮುಳ್ಳಿನಲ್ಲಿ ತೋರಿಸುವ ನಿಮ್ಮ ಲ್ಯಾಬ್‌ನ ಗ್ಯಾಲ್ವನೋಮೀಟರ್ ಹುಟ್ಟಿದ್ದೇ ಅಲ್ಲಿಂದ.

ಪ್ರಶ್ನೆ: 40 ವ್ಯಾಟ್ ಮತ್ತು 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಜಾಸ್ತಿ ಉರಿಯುತ್ತದೆ? ಮನೆಯಲ್ಲಿ ದೊಡ್ಡ ಜಗಳವೇ ಆಗಿದೆ.
– ಒಬ್ಬ ಓದುಗ, ಶಿರಸಿ

ಉತ್ತರ: 40 ವ್ಯಾಟ್‌ನದ್ದೇ. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಅದರ ರೋಧ ಸುಮಾರು 1320 ಓಮ್, 100 ವ್ಯಾಟ್‌ನದ್ದು ಬರೀ 530. ಸರಣಿಯಲ್ಲಿ ಎರಡರಲ್ಲೂ ಹರಿಯುವುದು ಒಂದೇ ಕರೆಂಟ್, ಹಾಗಾಗಿ ರೋಧ ಜಾಸ್ತಿ ಇದ್ದದ್ದೇ ಜಾಸ್ತಿ ಬೆಳಗುತ್ತದೆ. ಮನೆಯ ವೈರಿಂಗ್ ಸಮಾಂತರ, ಪ್ರತಿ ಬಲ್ಬ್‌ಗೂ ಪೂರ್ತಿ 230 ವೋಲ್ಟ್ ಸಿಗುತ್ತದೆ, ಅಲ್ಲಿ 100 ವ್ಯಾಟ್‌ನದ್ದೇ ಗೆಲ್ಲುತ್ತದೆ. ಜಗಳ ತೀರಿಸಲು ದಯವಿಟ್ಟು ಮೇನ್ಸ್‌ಗೆ ತಂತಿ ಚುಚ್ಚಬೇಡಿ, ಕಾಗದದ ಮೇಲಿನ ಲೆಕ್ಕವನ್ನೇ ತೋರಿಸಿ.