ಒಬ್ಬರೇ ಇರುವ ಊರಿಗೆ ಶೇಕಡಾ ಲೆಕ್ಕ ಯಾಕೆ?

ನಮಸ್ಕಾರ.

ನೀವು ಕಳಿಸಿದ ‘ನೂರಕ್ಕೆ ನೂರು ಬಿಳಿಯರ ಊರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ಒಂದು ಸಾಲು ಬರೆದು ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ನೀವು ಹಿಡಿದಿರುವ ವಿಷಯ ಅಷ್ಟು ಒಳ್ಳೆಯದು. ಅದಕ್ಕೇ ಈ ಉದ್ದದ ಪತ್ರ.

ನಿಮ್ಮ ಲೇಖನ ಅಮೆರಿಕದ ನೆಬ್ರಾಸ್ಕ ರಾಜ್ಯದ ಮೊನೊವಿ ಎಂಬ ಹಳ್ಳಿಯ ಬಗ್ಗೆ. 2010ರ ಜನಗಣತಿಯಲ್ಲಿ ಅಲ್ಲಿ ಸಿಕ್ಕಿದ್ದು ಒಬ್ಬರೇ ಒಬ್ಬರು. ನೀವು ಗಣತಿಯ ಅಂಕಿಗಳನ್ನು ಎತ್ತಿಕೊಂಡು, ‘ಊರಿನ ಜನಸಂಖ್ಯೆಯಲ್ಲಿ ಬಿಳಿಯರು ಶೇ. 100, ಕಪ್ಪುವರ್ಣೀಯರು ಶೇ. 0, ಏಷ್ಯನ್ನರು ಶೇ. 0’ ಎಂದು ಎರಡು ಪುಟ ಬರೆದಿದ್ದೀರಿ. ಕೊನೆಗೆ, ‘ಹೀಗೆ ಈ ಊರು ಬೇರೆಯವರನ್ನು ಒಳಗೆ ಬಿಟ್ಟುಕೊಂಡಿಲ್ಲ’ ಎಂದು ಮುಗಿಸಿದ್ದೀರಿ.

ಆ ಕೊನೆಯ ಸಾಲನ್ನು ಮೊದಲು ತೆಗೆಯಿರಿ. ಉಳಿದಿರುವುದೇ ಒಬ್ಬರು. ಅವರ ಚರ್ಮದ ಬಣ್ಣದಿಂದ ಊರಿನ ಮನಸ್ಸು ಎಂಥದ್ದು ಎಂದು ಹೇಳಲು ಬರುವುದಿಲ್ಲ. ಶೇಕಡಾ ಎನ್ನುವುದು ಜಾಸ್ತಿ ಜನರಿರುವಲ್ಲಿ ಮಾತ್ರ ಉಪಯೋಗಕ್ಕೆ ಬರುವ ಅಳತೆ. ಐವತ್ತು ಜನರ ಊರಿನಲ್ಲಿ ಒಂದು ಮಗು ಹುಟ್ಟಿದರೆ, ಒಂದು ಮನೆಯವರು ಊರು ಬಿಟ್ಟರೆ, ಇಡೀ ಲೆಕ್ಕ ಅಲುಗಾಡುತ್ತದೆ. ಒಬ್ಬರ ಊರಿನಲ್ಲಿ ‘ಶೇ. 100’ ಎಂದರೆ ಅದು ಅಂಕಿಯೇ ಅಲ್ಲ. ಅದು ಒಬ್ಬ ವ್ಯಕ್ತಿಯ ಖಾಸಗಿ ವಿವರ.

ಇದು ನನ್ನ ಮುಖ್ಯ ತಕರಾರು. ಗಣತಿಯವರಿಗೂ ಇದರ ಅರಿವಿದೆ. ಅಮೆರಿಕದಲ್ಲಿ ಗಣತಿಗೆ ಕೊಟ್ಟ ಉತ್ತರಗಳನ್ನು ಗುಟ್ಟಾಗಿಡಬೇಕು ಎಂಬ ಕಾನೂನಿದೆ. ಪುಟ್ಟ ಊರಿನ ಅಂಕಿಗಳಿಂದ ಯಾರು ಯಾರೆಂದು ಸುಲಭವಾಗಿ ಗೊತ್ತಾಗಿಬಿಡುತ್ತದೆ, ಅಲ್ವಾ? ಅದಕ್ಕಾಗಿ 2020ರಲ್ಲಿ ಅವರು ಸಣ್ಣ ಪ್ರದೇಶಗಳ ಅಂಕಿಗಳನ್ನು ಬೇಕೆಂದೇ ಸ್ವಲ್ಪ ಏರುಪೇರು ಮಾಡಿದರು. ಇಡೀ ರಾಜ್ಯದ ಒಟ್ಟು ಜನಸಂಖ್ಯೆಯನ್ನು ಮಾತ್ರ ಮುಟ್ಟಲಿಲ್ಲ. ಇದರಿಂದಾಗಿ ಮೊನೊವಿಯಲ್ಲಿ ಇಬ್ಬರಿದ್ದಾರೆ ಎಂದು ಗಣತಿ ಹೇಳಿತು. ಅಲ್ಲಿದ್ದವರು ‘ಇಲ್ಲಿರುವುದು ನಾನೊಬ್ಬಳೇ’ ಎಂದರು. ನೀವು ಮಾತ್ರ ‘ಹತ್ತು ವರ್ಷದಲ್ಲಿ ಜನಸಂಖ್ಯೆ ದುಪ್ಪಟ್ಟಾಯಿತು’ ಎಂದು ಬರೆದುಬಿಟ್ಟಿದ್ದೀರಿ. ಇಲ್ಲದ ಆ ಎರಡನೆಯ ವ್ಯಕ್ತಿ ಕೋಷ್ಟಕಕ್ಕೆ ಯಾಕೆ ಬಂದರು ಎಂಬುದೇ ಒಂದು ಲೇಖನಕ್ಕಾಗುವಷ್ಟು ಕತೆ. ಅದು ನಿಮ್ಮ ಕೈಯಲ್ಲೇ ಇತ್ತು.

ಇನ್ನೊಂದು ಮಾತು. ಆ ಮಹಿಳೆಯ ಹೆಸರು, ವಯಸ್ಸು, ಮನೆಯ ಸಂಗತಿಗಳನ್ನೆಲ್ಲ ಬರೆದಿದ್ದೀರಿ. ಅವೆಲ್ಲ ಬೇರೆ ಕಡೆ ಅಚ್ಚಾಗಿರಬಹುದು. ಆದರೂ ಜನಾಂಗದ ಅಂಕಿಯ ಪಕ್ಕದಲ್ಲಿ ಹೆಸರನ್ನು ಇಡಬೇಡಿ. ನಾನು ಈ ಪತ್ರದಲ್ಲೂ ಅದನ್ನು ಬರೆಯುವುದಿಲ್ಲ.

ಈಗ ಪದಗಳ ವಿಚಾರ. ಒಂದು ಕಡೆ ‘ಜನಾಂಗ’ ಎಂದಿದ್ದೀರಿ, ಮುಂದಿನ ಸಾಲಿನಲ್ಲಿ ಅದೇ ‘ಜಾತಿ’ ಆಗಿದೆ, ಪುಟ ತಿರುಗಿಸಿದರೆ ‘ಬುಡಕಟ್ಟು’. ಕನ್ನಡದಲ್ಲಿ ಓದುವವರಿಗೆ ಜಾತಿ ಎಂದ ಕೂಡಲೇ ಬೇರೆಯೇ ಲೋಕ ಕಣ್ಣ ಮುಂದೆ ಬರುತ್ತದೆ. ಅದನ್ನು ಇಲ್ಲಿ ತರಬೇಡಿ. ಜನಾಂಗ ಎಂದೇ ಕೊನೆಯತನಕ ಇರಲಿ. ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರು) ಎನ್ನುವುದು 2020ರ ಗಣತಿಯಲ್ಲಿ ಜನಾಂಗದ ಪಟ್ಟಿಯಲ್ಲಿ ಇರಲಿಲ್ಲ. ಅದು ಬೇರೆಯೇ ಪ್ರಶ್ನೆಯಾಗಿತ್ತು. ಹಿಸ್ಪಾನಿಕ್ ಮೂಲದವರು ಬಿಳಿಯರೂ ಆಗಿರಬಹುದು, ಕಪ್ಪುವರ್ಣೀಯರೂ ಆಗಿರಬಹುದು. ನೀವು ಮೊನೊವಿ ಇರುವ ಬಾಯ್ಡ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕೋಷ್ಟಕದಲ್ಲಿ ಎರಡನ್ನೂ ಕೂಡಿಸಿದ್ದೀರಿ. ಮೊತ್ತ ನೂರನ್ನು ದಾಟಿದ್ದು ಅದಕ್ಕೇ. ‘ರೆಡ್ ಇಂಡಿಯನ್ನರು’ ಎಂಬ ಪದವನ್ನು ದಯವಿಟ್ಟು ಬಿಡಿ. ಮೂಲನಿವಾಸಿಗಳು ಎನ್ನಿ. ಇನ್ನೂ ಒಳ್ಳೆಯದೆಂದರೆ ಯಾವ ಜನ ಎಂದು ಹೆಸರು ಹಿಡಿದು ಹೇಳುವುದು.

ಈ ವರ್ಗಗಳೆಲ್ಲ ಮೊದಲಿನಿಂದ ಹೀಗೇ ಇದ್ದವು ಎಂಬಂತೆ ಬರೆದಿದ್ದೀರಿ. ಹಾಗಿಲ್ಲ. ‘ಮೆಕ್ಸಿಕನ್’ ಎನ್ನುವುದು 1930ರ ಗಣತಿಯಲ್ಲಿ ಮಾತ್ರ ಒಂದು ಜನಾಂಗವಾಗಿತ್ತು. ಭಾರತದಿಂದ ಹೋದವರ ವಿಷಯವಂತೂ ನಮ್ಮ ಓದುಗರಿಗೆ ಹೇಳಲೇಬೇಕು. 1920ರಿಂದ 1940ರವರೆಗಿನ ಮೂರು ಗಣತಿಗಳಲ್ಲಿ ಅವರೆಲ್ಲರ ಜನಾಂಗ ‘ಹಿಂದೂ’! ಸಿಖ್ಖರಾಗಿರಲಿ, ಮುಸಲ್ಮಾನರಾಗಿರಲಿ, ಅದೇ ವರ್ಗ. ಭಗತ್ ಸಿಂಗ್ ತಿಂದ್ ಎಂಬ ಸಿಖ್ ವ್ಯಕ್ತಿಯನ್ನು ಬಿಳಿಯರೆಂದು ಒಪ್ಪಲು ಆಗುವುದಿಲ್ಲ, ಪೌರತ್ವ ಕೊಡಲಾಗುವುದಿಲ್ಲ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ 1970ರ ಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೇ ಸೇರಿಸಿದರು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಹೊಸ ವರ್ಗ ಬಂತು. ಜನ ಅವರೇ, ವರ್ಗ ಮಾತ್ರ ಬದಲಾಗುತ್ತಾ ಹೋಯಿತು. ಒಬ್ಬರೇ ಒಂದಕ್ಕಿಂತ ಜಾಸ್ತಿ ಜನಾಂಗ ಬರೆಯಲು ಅವಕಾಶ ಸಿಕ್ಕಿದ್ದು 2000ದಲ್ಲಿ. ಹೀಗಿರುವಾಗ ಹಳೆಯ ಕೋಷ್ಟಕವನ್ನು ಹೊಸದರ ಪಕ್ಕದಲ್ಲಿಟ್ಟು ‘ಹೆಚ್ಚಾಯಿತು, ಕಡಿಮೆಯಾಯಿತು’ ಎಂದು ಬರೆಯುವ ಮೊದಲು ಅವತ್ತು ಪ್ರಶ್ನೆ ಏನಿತ್ತು ಎಂದು ನೋಡಬೇಕು.

ನನಗೆ ನಿಜವಾಗಿ ಬೇಸರವಾಗಿದ್ದು ಬೇರೆ ಕಡೆ. ನಿಮ್ಮ ಲೇಖನದಲ್ಲಿ ‘ಮೂಲನಿವಾಸಿಗಳು ಶೇ. 0’ ಎಂಬ ಸಾಲಿದೆ. ಅಷ್ಟೇ. ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದೀರಿ. ಆ ಸೊನ್ನೆ ಎಲ್ಲಿಂದ ಬಂತು?

ಮೊನೊವಿ ಇರುವ, ನಯೋಬ್ರಾರಾ ನದಿ ಮಿಸೌರಿ ನದಿಯನ್ನು ಸೇರುವ ಆ ಸೀಮೆ ಪೊಂಕಾ ಎಂಬ ಮೂಲನಿವಾಸಿ ಜನರದ್ದು. ಅಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದರು, ಕಾಡೆಮ್ಮೆಗಳ ಬೇಟೆಗೆ ಹೋಗುತ್ತಿದ್ದರು. 1868ರ ಒಂದು ಒಪ್ಪಂದದಲ್ಲಿ ಸರ್ಕಾರ ತಪ್ಪಿನಿಂದ ಅವರ ನೆಲವನ್ನು ಸೂ ಎಂಬ ಇನ್ನೊಂದು ಮೂಲನಿವಾಸಿ ಜನರಿಗೆ ಬರೆದುಕೊಟ್ಟಿತು. ತಪ್ಪನ್ನು ತಿದ್ದುವ ಬದಲು 1877ರಲ್ಲಿ ಪೊಂಕಾ ಜನರನ್ನೇ ಅಲ್ಲಿಂದ ಎಬ್ಬಿಸಿ, ಇಂದಿನ ಓಕ್ಲಹೋಮಕ್ಕೆ ಸೈನಿಕರ ಕಾವಲಿನಲ್ಲಿ ನಡೆಸಿಕೊಂಡು ಹೋದರು. ಹಸಿವು, ಮಲೇರಿಯಾಗಳಿಂದ ತುಂಬಾ ಜನ ಸತ್ತರು. ಅವರ ಮುಖಂಡ ಸ್ಟ್ಯಾಂಡಿಂಗ್ ಬೇರ್ ಅವರ ಮಗನೂ ಸತ್ತ. ತನ್ನನ್ನು ತಮ್ಮ ನೆಲದಲ್ಲೇ ಮಣ್ಣು ಮಾಡಬೇಕು ಎಂದು ಆ ಹುಡುಗ ಕೇಳಿಕೊಂಡಿದ್ದ. 1879ರ ಜನವರಿಯ ಚಳಿಯಲ್ಲಿ ತಂದೆ ಮಗನ ಅಸ್ಥಿ ಹೊತ್ತು, ಸುಮಾರು ಮೂವತ್ತು ಜನರ ಜೊತೆ ಉತ್ತರಕ್ಕೆ ಹೊರಟರು. ದಾರಿಯಲ್ಲಿ ಸೈನ್ಯ ಅವರನ್ನು ಹಿಡಿಯಿತು. ಒಮಾಹಾದ ಕೋರ್ಟಿನಲ್ಲಿ ವಾದ ನಡೆಯಿತು. ಸರ್ಕಾರದ ವಕೀಲರು, ಕಾನೂನಿನ ಕಣ್ಣಿನಲ್ಲಿ ಮೂಲನಿವಾಸಿ ‘ವ್ಯಕ್ತಿ’ಯೇ ಅಲ್ಲ ಎಂದು ವಾದಿಸಿದರು. ನ್ಯಾಯಾಧೀಶ ಎಲ್ಮರ್ ಡಂಡಿ ಆ ವರ್ಷದ ಮೇ ತಿಂಗಳಲ್ಲಿ, ‘ವ್ಯಕ್ತಿ ಹೌದು’ ಎಂದು ತೀರ್ಪು ಕೊಟ್ಟರು.

ಮೊನೊವಿ ಹುಟ್ಟಿದ್ದು ಇದೆಲ್ಲ ಆದ ಮೇಲೆ, 1902ರಲ್ಲಿ, ಅಲ್ಲಿಗೆ ರೈಲು ಬಂದಾಗ. ಊರಿನ ಹೆಸರು ಮೂಲನಿವಾಸಿಗಳ ಭಾಷೆಯಲ್ಲಿ ‘ಹೂವು’ ಎಂದು ಅಲ್ಲಿಯವರು ಹೇಳುತ್ತಾರೆ. ಹೆಸರು ಉಳಿಯಿತು, ಹೆಸರಿನ ಭಾಷೆಯವರು ಸೊನ್ನೆಯಾದರು. ನಿಮ್ಮ ಲೇಖನ ಶುರುವಾಗಬೇಕಿದ್ದದ್ದು ಇಲ್ಲಿಂದ.

‘ಬಿಳಿಯರು’ ಎಂಬ ಒಂದೇ ಮಾತಿನ ಒಳಗೂ ಎಷ್ಟೋ ಜನ ಅಡಗಿದ್ದಾರೆ. ನೆಬ್ರಾಸ್ಕಕ್ಕೆ ಬಂದು ನೆಲೆಸಿದವರಲ್ಲಿ ಜರ್ಮನ್ನರು, ಚೆಕ್ಕರು, ಸ್ವೀಡನ್ನಿನವರು, ಡೆನ್ಮಾರ್ಕಿನವರು ಇದ್ದರು. ಅವರ ಭಾಷೆಗಳು ಬೇರೆ, ಚರ್ಚುಗಳು ಬೇರೆ. ಇದನ್ನು ತಿಳಿಯಲು ನಿಮಗೆ ಒಂದು ಒಳ್ಳೆಯ ದಾರಿಯಿದೆ. ಅಮೆರಿಕದಲ್ಲಿ ಮನೆಮನೆಯ ಗಣತಿ ಹಾಳೆಗಳನ್ನು 72 ವರ್ಷಗಳ ನಂತರ ಎಲ್ಲರಿಗೂ ತೆರೆದಿಡುತ್ತಾರೆ. 1950ರ ಹಾಳೆಗಳು 2022ರಲ್ಲಿ ಹೊರಬಂದವು. ಕೈಬರಹದ ಹಾಳೆಗಳು, ಓದಲು ಕಷ್ಟ. ಆದರೆ 1910 ಮತ್ತು 1920ರವುಗಳಲ್ಲಿ ತಂದೆತಾಯಿ ಎಲ್ಲಿ ಹುಟ್ಟಿದವರು, ಮಾತೃಭಾಷೆ ಯಾವುದು ಎಂದೂ ಕೇಳಿದ್ದಾರೆ. ಒಂದೊಂದು ಮನೆಯನ್ನೂ ಓದಿ. ಟಿಪ್ಪಣಿ ಮಾಡಿಕೊಳ್ಳಿ.

ಊರು ಬರಿದಾದ ಭಾಗವನ್ನು ನೀವು ಚೆನ್ನಾಗಿ ಬರೆದಿದ್ದೀರಿ. 1930ರ ದಶಕದಲ್ಲಿ ಸುಮಾರು 150 ಜನ, 1974ರಲ್ಲಿ ಶಾಲೆ ಮುಚ್ಚಿದ್ದು, 1980ರಲ್ಲಿ 18 ಜನ, 2000ದಲ್ಲಿ ಇಬ್ಬರು. ಆ ಪುಟದಲ್ಲಿ ಒಂದೂ ಶೇಕಡಾ ಇಲ್ಲ. ಓದುವಾಗ ಎದೆ ಭಾರವಾಯಿತು. ಅದನ್ನು ಹಾಗೇ ಇಡಿ, ಒಂದು ಪದವನ್ನೂ ಮುಟ್ಟಬೇಡಿ.

ತಿದ್ದಿ ಕಳಿಸಿ, ಆತುರವಿಲ್ಲ. ಆ ಗಣತಿ ಹಾಳೆಗಳಿಗೆ ತಿಂಗಳುಗಟ್ಟಲೆ ಸಮಯ ಹಿಡಿದರೂ ಪರವಾಗಿಲ್ಲ. ಬೇರೆ ತಲೆಬರಹ ಹುಡುಕಿ. ಕೋಷ್ಟಕ ಬೇಡ.